ಹಿಂದೆ ಸರಿಯುವ ಕೈ

ಬೆಂಗಳೂರಿನ ಹಲಸೂರು ಕೆರೆಯ ಸಮೀಪದ ಆರ್‌ಬಿಎಎನ್‌ಎಂಎಸ್ ಮೈದಾನದಲ್ಲಿ ಬೆಳಗಿನ ಹೊತ್ತು ಮಕ್ಕಳು ಕ್ರಿಕೆಟ್ ಕಲಿಯುತ್ತಾರೆ. ಹೊಸದಾಗಿ ಸೇರಿದ ಮಗು ಚೆಂಡು ತನ್ನತ್ತ ಬರುವುದನ್ನು ಕಂಡೊಡನೆ ಕೈಗಳನ್ನು ಬಿಗಿಮಾಡಿ ಮುಂದಕ್ಕೆ ಚಾಚುತ್ತದೆ. ಚೆಂಡು ಅಂಗೈಗೆ ಬಡಿದು, ಪುಟಿದು, ನೆಲಕ್ಕೆ ಬೀಳುತ್ತದೆ. ಅಂಗೈ ಕೆಂಪಾಗುತ್ತದೆ. ಕೆಲವು ತಿಂಗಳು ಅಭ್ಯಾಸ ಮಾಡಿದ ಮಗುವಿನ ಕೈ ಹಾಗೆ ಮಾಡುವುದಿಲ್ಲ. ಅದು ಚೆಂಡನ್ನು ಎದುರುಗೊಳ್ಳುತ್ತದೆ; ಸ್ಪರ್ಶವಾದ ಕ್ಷಣದಲ್ಲೇ ಎದೆಯ ಕಡೆಗೆ ಸರಿಯುತ್ತದೆ; ಚೆಂಡಿನ ಜೊತೆಗೆ ತಾನೂ ಒಂದಿಷ್ಟು ದೂರ ಪಯಣಿಸುತ್ತದೆ. ಚೆಂಡು ಸದ್ದಿಲ್ಲದೆ ನಿಲ್ಲುತ್ತದೆ. ಚೆಂಡು ಅದೇ, ವೇಗವೂ ಅದೇ. ಆ ಕೈಯ ಚರ್ಮವೂ ಅಷ್ಟೇ ಎಳೆಯದು. ಸ್ವೀಕರಿಸಿದ ರೀತಿಯೊಂದೇ ಬೇರೆ. ಒಂಬತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಈ ಉದಾಹರಣೆ ಬರುತ್ತದೆ. ನಾವೆಲ್ಲ ಅದನ್ನು ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ, ಅಲ್ಲಿಗೇ ಬಿಟ್ಟಿದ್ದೇವೆ. ಬದುಕಿಗೆ ಬೇಕಾದ ಎಷ್ಟೋ ಸಂಗತಿಗಳು ಹೀಗೆ ಅಂಕಪಟ್ಟಿಯಲ್ಲಿಯೇ ಉಳಿದುಹೋಗುತ್ತವೆ.

ಆ ಕೈಯ ಹಿಂದೆ ಒಂದು ನಿಯಮವಿದೆ. ಚಲಿಸುವ ಪ್ರತಿಯೊಂದು ವಸ್ತುವಿಗೂ ಸಂವೇಗವಿರುತ್ತದೆ. ಅದು ವಸ್ತುವಿನ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ. ವಸ್ತು ನಿಲ್ಲಬೇಕಾದರೆ ಅದರ ಸಂವೇಗವನ್ನೆಲ್ಲ ಯಾರಾದರೂ ತೆಗೆದುಕೊಳ್ಳಲೇಬೇಕು. ಹಾಗೆ ಕೈಬದಲಾಗುವ ಮೊತ್ತಕ್ಕೆ ಆವೇಗವೆಂದು ಹೆಸರು. ತಗುಲಿದ ಬಲವನ್ನು ತಗುಲಿದ ಕಾಲದಿಂದ ಗುಣಿಸಿದರೆ ಅದು ದೊರೆಯುತ್ತದೆ. ಸುಮಾರು 160 ಗ್ರಾಂ ತೂಕದ ಚೆಂಡು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆಯೆಂದು ಭಾವಿಸೋಣ. ಬಿಗಿಹಿಡಿದ ಕೈ ಅದನ್ನು ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ನಿಲ್ಲಿಸಿದರೆ ಅಂಗೈ ತಡೆಯಬೇಕಾದ ಸರಾಸರಿ ಬಲ 640 ನ್ಯೂಟನ್. ಅಂದರೆ ಸುಮಾರು 65 ಕಿಲೋ ಭಾರ. ಕೈ ಅರ್ಧ ಮೀಟರ್ ಹಿಂದೆ ಸರಿದು, ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಕಾಲ ತೆಗೆದುಕೊಂಡರೆ ಆ ಬಲ 64 ನ್ಯೂಟನ್ನಿಗೆ ಇಳಿಯುತ್ತದೆ. ಆರೂವರೆ ಕಿಲೋ ಭಾರ. ಲೆಕ್ಕದ ಮೊತ್ತ ಎರಡೂ ಕಡೆ ಒಂದೇ. ಒಂದು ಕಣವೂ ಕಡಿಮೆಯಾಗಿಲ್ಲ. ಕಾಲ ಹತ್ತು ಪಟ್ಟು ಹಿಗ್ಗಿತು, ನೋವು ಹತ್ತನೇ ಒಂದಕ್ಕೆ ಕುಗ್ಗಿತು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. ನಮ್ಮತ್ತ ಬರುವುದನ್ನು ನಾವು ಆರಿಸಿಕೊಂಡಿರುವುದಿಲ್ಲ. ದುಃಖದ ಸುದ್ದಿಗೆ ತನ್ನದೇ ತೂಕವಿರುತ್ತದೆ. ಕಟುವಾದ ಮಾತಿಗೆ ತನ್ನದೇ ವೇಗವಿರುತ್ತದೆ. ಅವು ಬಂದಷ್ಟೇ ಬರುತ್ತವೆ. ನಮ್ಮ ಕೋರಿಕೆಯಿಂದ ಹಗುರಾಗುವುದಿಲ್ಲ. ಸಹನೆಯಿದ್ದರೆ ದುಃಖ ಕಡಿಮೆಯಾಗುತ್ತದೆಂದು ಹೇಳುವುದುಂಟು. ಆ ಮಾತು ಪೂರ್ತಿ ನಿಜವಲ್ಲ. ಸ್ವೀಕರಿಸಬೇಕಾದ್ದನ್ನು ಸ್ವೀಕರಿಸಲೇಬೇಕು, ಅಳಬೇಕಾದ್ದನ್ನು ಅಳಲೇಬೇಕು. ಸಹನೆ ಮೊತ್ತವನ್ನು ಇಳಿಸುವುದಿಲ್ಲ, ಅವಧಿಯನ್ನು ಹಿಗ್ಗಿಸುತ್ತದೆ. ಒಂದೇ ಕ್ಷಣದಲ್ಲಿ ಮುರಿಯಬಹುದಾಗಿದ್ದನ್ನು ಅನೇಕ ದಿನಗಳಿಗೆ ಹಂಚುತ್ತದೆ. ಸಾವಿನ ಮನೆಯಲ್ಲಿ ನಮ್ಮ ಹಿರಿಯರು ಹದಿಮೂರು ದಿನಗಳ ಕ್ರಮವೊಂದನ್ನು ಇಟ್ಟರು. ಅದಕ್ಕೆ ಶಾಸ್ತ್ರದ ಕಾರಣಗಳು ಏನೇ ಇರಲಿ, ಆ ದಿನಗಳಲ್ಲಿ ಜನ ಬರುತ್ತಾರೆ, ಮಾತನಾಡುತ್ತಾರೆ, ಸುಮ್ಮನೆ ಕುಳಿತಿರುತ್ತಾರೆ. ಆಘಾತ ದಿನದಿನಕ್ಕೂ ಒಂದಿಷ್ಟು ಇಳಿಯುತ್ತದೆ. ಹಿಂದೆ ಸರಿಯುವ ಕೈಗೆ ಬೇಕಾದ ಅರ್ಧ ಮೀಟರ್ ಸ್ಥಳವನ್ನು ಸಮಾಜವೇ ಒದಗಿಸುತ್ತದೆ.

ಸುರಕ್ಷಿತವಾದ ನಿಲುಗಡೆಗಳನ್ನು ನಾವು ಗಮನಿಸುವುದೇ ಇಲ್ಲ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಮೊದಲ ಬಾರಿಗೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಿತು. ಅಂದಿನಿಂದ ಇಂದಿರಾನಗರ, ಹಲಸೂರು, ಟ್ರಿನಿಟಿ ನಿಲ್ದಾಣಗಳಲ್ಲಿ ಅದು ಎಷ್ಟು ಬಾರಿ ನಿಂತಿದೆಯೋ! ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಸಾಗುವ ಗಾಡಿಯಲ್ಲಿ 60 ಕಿಲೋ ತೂಕದ ಮನುಷ್ಯನಿಗೆ ಇರುವ ಸಂವೇಗ ಸಣ್ಣದಲ್ಲ. ಗಾಡಿ ಇಪ್ಪತ್ತು ಸೆಕೆಂಡುಗಳಲ್ಲಿ ನಿಧಾನವಾಗಿ ನಿಂತರೆ ಅವನ ಮೇಲಿನ ಬಲ ಆರು ಕಿಲೋ ಭಾರದಷ್ಟು. ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ನೋಡುತ್ತ ನಿಲ್ಲಬಹುದು. ಅದೇ ವೇಗ ಅಪಘಾತದಲ್ಲಿ ಸೆಕೆಂಡಿನ ಹತ್ತರಲ್ಲಿ ಒಂದು ಭಾಗದೊಳಗೆ ಇಲ್ಲವಾದರೆ ಆ ಬಲ ಸುಮಾರು 1,200 ಕಿಲೋ ಭಾರವಾಗುತ್ತದೆ. ಕಳೆದುಕೊಂಡ ವೇಗ ಎರಡರಲ್ಲೂ ಒಂದೇ. ಒಂದನ್ನು ನಾವು ಪ್ರಯಾಣ ಎನ್ನುತ್ತೇವೆ, ಇನ್ನೊಂದನ್ನು ದುರಂತ ಎನ್ನುತ್ತೇವೆ. ನಡುವೆ ಇರುವುದು ಕೆಲವೇ ಸೆಕೆಂಡುಗಳ ಅವಕಾಶ.

ಮೆಲ್ಲಗೆ ತಾಗುವುದಕ್ಕೂ ಬಡಿಯುವುದಕ್ಕೂ ಇರುವ ಈ ವ್ಯತ್ಯಾಸ ನಮ್ಮ ನಾಡಿನ ಚಿಂತನೆಗೆ ಹೊಸದಲ್ಲ. ಕಣಾದರ ವೈಶೇಷಿಕ ದರ್ಶನ ಚಲನೆಯನ್ನು ಬಹು ಸೂಕ್ಷ್ಮವಾಗಿ ನೋಡಿತು. ವಸ್ತುವೊಂದು ಇನ್ನೊಂದನ್ನು ಮುಟ್ಟಿ ಚಲಿಸುವಂತೆ ಮಾಡುವ ಸಂಯೋಗದಲ್ಲಿ ಆ ಪರಂಪರೆ ಎರಡು ಬಗೆಗಳನ್ನು ಕಂಡಿತು. ಸದ್ದಿಲ್ಲದೆ ಒತ್ತಿ ನಡೆಸುವುದು ನೋದನ. ಸದ್ದು ಹುಟ್ಟಿಸುವಂತೆ ಬಡಿಯುವುದು ಅಭಿಘಾತ. ಬಿಲ್ಲಿನ ಹೆದೆ ಬಾಣವನ್ನು ಒತ್ತುವುದು ನೋದನ. ಒನಕೆ ಒರಳಿಗೆ ಬೀಳುವುದು ಅಭಿಘಾತ. ಬಾಣ ಹೆದೆಯನ್ನು ಬಿಟ್ಟ ಮೇಲೂ ಮುಂದೆ ಸಾಗುವುದಕ್ಕೆ ಅದರಲ್ಲಿ ಉಳಿದ ಸಂಸ್ಕಾರವೇ ಕಾರಣವೆಂದೂ, ಆ ಸಂಸ್ಕಾರ ಕ್ಷೀಣಿಸಿದಾಗ ಭಾರದಿಂದ ಅದು ಬೀಳುತ್ತದೆಂದೂ ಅವರು ತಿಳಿದರು. ಅದೇ ಪರಂಪರೆಯ ಪ್ರಶಸ್ತಪಾದರು ಸಂಸ್ಕಾರವನ್ನು ಮೂರಾಗಿ ವಿಂಗಡಿಸಿದರು: ಚಲಿಸುವ ವಸ್ತುವಿನ ವೇಗ, ಆತ್ಮದಲ್ಲಿ ನೆನಪಾಗಿ ಉಳಿಯುವ ಭಾವನಾ, ಬಾಗಿದ ಕೊಂಬೆ ತನ್ನ ನೆಲೆಗೆ ಮರಳುವ ಸ್ಥಿತಿಸ್ಥಾಪಕ. ಬಾಣದ ಓಟವನ್ನೂ ಮನಸ್ಸಿನ ನೆನಪನ್ನೂ ಒಂದೇ ವರ್ಗದಲ್ಲಿಟ್ಟ ಈ ನೋಟ ಆಶ್ಚರ್ಯವನ್ನು ತರುತ್ತದೆ. ಕೈಬಿಟ್ಟ ಮೇಲೂ ಚೆಂಡು ಕೈಯ ಪ್ರೇರಣೆಯನ್ನು ಹೊತ್ತು ಸಾಗುತ್ತದೆ. ಆಡಿದವರು ಮರೆತ ಮೇಲೂ ಮಾತು ಕೇಳಿದವರೊಳಗೆ ಸಾಗುತ್ತಲೇ ಇರುತ್ತದೆ.

ಒನಕೆಯ ಉದಾಹರಣೆಯಲ್ಲಿ ಕಣಾದರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕುಟ್ಟುವವರು ಒನಕೆಯನ್ನು ಎತ್ತುವುದು ಪ್ರಯತ್ನದಿಂದ. ಆದರೆ ಒರಳಿಗೆ ಬಡಿದ ಒನಕೆ ಪುಟಿದಾಗ ಅದನ್ನು ಹಿಡಿದ ಕೈಯೂ ಮೇಲೇಳುತ್ತದೆ. ಕೈಯ ಆ ಏಳುವಿಕೆಗೆ ಹಿಡಿದವರ ಸಂಕಲ್ಪ ಕಾರಣವಲ್ಲ, ಅಭಿಘಾತವೇ ಕಾರಣ. ಕೈ ನಮ್ಮದು, ಚಲನೆ ನಮ್ಮದಲ್ಲ. ಇದನ್ನು ಓದಿದಾಗ ನಮ್ಮ ದಿನಚರಿಯ ಎಷ್ಟೋ ಕ್ರಿಯೆಗಳು ನೆನಪಿಗೆ ಬರುತ್ತವೆ. ಯಾರೋ ದನಿ ಏರಿಸಿದರು, ನಮ್ಮ ದನಿಯೂ ಏರಿತು. ಹಿಂದಿನವರು ಹಾರ್ನ್ ಹೊಡೆದರು, ನಾವೂ ಹೊಡೆದೆವು. ಅವನ್ನು ನಾವು ನಮ್ಮ ನಿರ್ಧಾರವೆಂದು ತಿಳಿಯುತ್ತೇವೆ, ಕೆಲವೊಮ್ಮೆ ಸ್ವಾಭಿಮಾನವೆಂದೂ ಕರೆಯುತ್ತೇವೆ. ಬಹುಪಾಲು ಅವು ಒನಕೆಯೊಡನೆ ಎದ್ದ ಕೈ. ಮೈದಾನದ ಮಗುವಿನಲ್ಲೂ ಬಿಗಿಯುವುದು ಸಹಜ, ಸರಿಯುವುದು ಕಲಿಕೆ. ಚೆಂಡಿನ ಜೊತೆಗೆ ಹಿಂದೆ ಹೋಗುವ ಕೈಯಲ್ಲಿ ಸಂಕಲ್ಪವಿದೆ, ಅಭ್ಯಾಸವಿದೆ. ಹಿಂದೆ ಸರಿಯುವುದನ್ನು ದೌರ್ಬಲ್ಯವೆಂದು ಭಾವಿಸುವ ಮುನ್ನ ಇದನ್ನು ನೆನೆಯಬಹುದು: ಆ ಇಡೀ ಘಟನೆಯಲ್ಲಿ ನಿಜವಾಗಿ ಸ್ವತಂತ್ರವಾದ ಕ್ರಿಯೆ ಅದೊಂದೇ.

ಪುಟಿಯುವುದಕ್ಕೆ ಒಂದು ಬೆಲೆಯೂ ಉಂಟು. ಬಂದ ಚೆಂಡನ್ನು ನಿಲ್ಲಿಸಲು ಬೇಕಾದ ಆವೇಗ ಒಂದು ಪಾಲಾದರೆ, ಅದನ್ನು ಅದೇ ವೇಗದಲ್ಲಿ ಹಿಂದಕ್ಕೆ ಅಟ್ಟಲು ಎರಡು ಪಾಲು ಬೇಕು: ಒಂದು ಪಾಲು ನಿಲ್ಲಿಸಲು, ಇನ್ನೊಂದು ಮರಳಿ ಕಳುಹಿಸಲು. ಆ ಎರಡು ಪಾಲನ್ನೂ ಚೆಂಡಿನಷ್ಟೇ ಬ್ಯಾಟೂ ತಾಳಬೇಕು. ತಿರುಗೇಟು ಕೊಟ್ಟವನು ತಾನು ಪೆಟ್ಟು ಹಿಂದಿರುಗಿಸಿದೆನೆಂದು ತಿಳಿಯುತ್ತಾನೆ. ತನಗೂ ಇಮ್ಮಡಿ ಪೆಟ್ಟು ಬಿತ್ತೆಂದು ತಿಳಿಯುವುದಿಲ್ಲ. ದಂಡು (ಕಂಟೋನ್ಮೆಂಟ್) ಪ್ರದೇಶದ ಸೇಂಟ್ ಜೋಸೆಫ್ ಬಾಲಕರ ಶಾಲೆಯಲ್ಲಿ ಓದಿದ ರಾಹುಲ್ ದ್ರಾವಿಡ್ 1996ರಿಂದ 2012ರವರೆಗೆ 164 ಟೆಸ್ಟ್ ಪಂದ್ಯಗಳನ್ನಾಡಿದರು. 31,258 ಎಸೆತಗಳನ್ನು ಎದುರಿಸಿದರು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಬೇರಾವ ಬ್ಯಾಟುಗಾರನೂ ಅಷ್ಟನ್ನು ಎದುರಿಸಿಲ್ಲ. ರಕ್ಷಣೆಯ ಹೊಡೆತದಲ್ಲಿ ಅವರ ಹಿಡಿತ ಸಡಿಲವಾಗಿರುತ್ತಿತ್ತು. ಚೆಂಡು ಬ್ಯಾಟಿಗೆ ತಾಗಿ, ವೇಗ ಕಳೆದುಕೊಂಡು, ಕಾಲ ಬಳಿಯೇ ಬೀಳುತ್ತಿತ್ತು. ಹಿಂದೆ ಕಾದು ನಿಂತವರ ಕೈಗೆ ಹಾರುತ್ತಿರಲಿಲ್ಲ. ಸ್ಲಿಪ್‌ನಲ್ಲಿ ನಿಂತಾಗಲೂ ಅದೇ ಮೃದುವಾದ ಕೈಗಳು. ಟೆಸ್ಟ್‌ಗಳಲ್ಲಿ ಹಿಡಿದ ಕ್ಯಾಚುಗಳು 210. ಹೊಡೆಯಬೇಕಾದ ಚೆಂಡನ್ನು ಅವರು ಹೊಡೆದರು. ಹದಿಮೂರು ಸಾವಿರಕ್ಕೂ ಮಿಕ್ಕಿದ ರನ್ನುಗಳೇ ಅದಕ್ಕೆ ಸಾಕ್ಷಿ. ಆದರೆ ಬಂದದ್ದಕ್ಕೆಲ್ಲ ಉತ್ತರ ಕೊಡಲಿಲ್ಲ. ಯಾವುದನ್ನು ಹೊಡೆಯಬೇಕು, ಯಾವುದನ್ನು ಕಾಲ ಬಳಿ ಬೀಳಲು ಬಿಡಬೇಕು ಎಂಬ ವಿವೇಕ ದೀರ್ಘ ಇನ್ನಿಂಗ್ಸ್‌ಗೆ ಬೇಕು. ಸಂಸಾರಕ್ಕೂ ಬೇಕು.

ಇದುವರೆಗೆ ಪೆಟ್ಟನ್ನು ಸ್ವೀಕರಿಸುವವರ ಕಡೆಯಿಂದ ನೋಡಿದೆವು. ಕೊಡುವವರ ಕಡೆಯಿಂದಲೂ ನೋಡಬೇಕು. 1687ರಲ್ಲಿ ಪ್ರಕಟವಾದ ನ್ಯೂಟನ್ನರ ಪ್ರಿನ್ಸಿಪಿಯಾ ಸ್ಪಷ್ಟವಾಗಿ ತಿಳಿಸಿತು: ಎರಡು ವಸ್ತುಗಳು ತಾಗಿದಾಗ ಒಂದರ ಮೇಲೊಂದು ಬೀರುವ ಬಲ ಸಮ, ದಿಕ್ಕು ವಿರುದ್ಧ. ಮೇಲ್ನೋಟಕ್ಕೆ ಇದು ಪೂರ್ಣ ನ್ಯಾಯದಂತೆ ಕಾಣುತ್ತದೆ. ಆದರೆ ಬಲ ಸಮವಾದ ಮಾತ್ರಕ್ಕೆ ಫಲ ಸಮವಾಗುವುದಿಲ್ಲ. ಹಳೆ ಮದರಾಸು ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತೂಗುಸೇತುವೆಯವರೆಗೆ, ದಿನವಿಡೀ ಬಸ್ಸುಗಳು, ಲಾರಿಗಳು, ಬೈಕುಗಳು, ಕಾಲ್ನಡಿಗೆಯವರು ಒಂದೇ ಇಕ್ಕಟ್ಟಿನಲ್ಲಿ ಸಾಗುತ್ತಾರೆ. ಹನ್ನೆರಡು ಟನ್ ತೂಕದ ಬಸ್ಸು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ 60 ಕಿಲೋ ತೂಕದ ಮನುಷ್ಯನಿಗೆ ತಾಗಿತೆಂದು ಊಹಿಸಿದರೆ, ಆ ಮನುಷ್ಯನ ಶರೀರ ಕ್ಷಣಮಾತ್ರದಲ್ಲಿ ಬಸ್ಸಿನ ವೇಗವನ್ನೇ ಪಡೆಯುತ್ತದೆ. ಬಸ್ಸು ಕಳೆದುಕೊಳ್ಳುವ ವೇಗ ಗಂಟೆಗೆ ಇನ್ನೂರು ಮೀಟರಿನಷ್ಟೂ ಇಲ್ಲ. ಒಳಗೆ ಕುಳಿತವರ ಕೈಯಲ್ಲಿನ ನೀರು ತುಳುಕುವುದೂ ಇಲ್ಲ. ಭಾರವುಳ್ಳವರಿಗೆ ತಾವು ತಾಗಿದ್ದೇ ತಿಳಿಯದು. ಹಗುರಾದವರಿಗೆ ಅದೇ ಬದುಕಿನ ಅತಿ ದೊಡ್ಡ ಘಟನೆ.

ಇಲ್ಲಿ ಕ್ರೌರ್ಯ ಇರಬೇಕೆಂದೇನೂ ಇಲ್ಲ. ತೂಕದ ವ್ಯತ್ಯಾಸವೇ ಸಾಕು. ತಂದೆ ಊಟದ ಹೊತ್ತಿನಲ್ಲಿ ಬೇಸರದಿಂದ ಆಡಿದ ಮಾತು ತಂದೆಗೆ ರಾತ್ರಿಯ ಹೊತ್ತಿಗೆ ಮರೆತಿರುತ್ತದೆ. ಮಗಳು ಅದನ್ನು ಮೂವತ್ತು ವರ್ಷ ಹೊತ್ತಿರುತ್ತಾಳೆ. ಅಧಿಕಾರಿ ಕಡತದ ಮೇಲೆ ಬರೆದ ಒಂದು ಸಾಲು ಅಧಿಕಾರಿಗೆ ದಿನದ ನೂರರಲ್ಲಿ ಒಂದು; ಅರ್ಜಿ ಕೊಟ್ಟವರಿಗೆ ಅದೊಂದೇ. ಭಾರವಿದ್ದಾಗ ವೇಗವೂ ಬೇಕಾಗಿಲ್ಲ. ಜೋಲಾರಪೇಟೆಯಿಂದ ಬಂದ ರೈಲು ಹಾದಿ 1864ರಲ್ಲಿ ಬೆಂಗಳೂರು ದಂಡು ನಿಲ್ದಾಣವನ್ನು ಮುಟ್ಟಿತು. ಇಂದು ಆ ಹಾದಿಯಲ್ಲಿ ಗಾಡಿ ಎಳೆಯುವ ವಿದ್ಯುತ್ ಎಂಜಿನ್ನಿನ ತೂಕ 120 ಟನ್ನಿಗೂ ಮಿಗಿಲು. ಬೋಗಿಗಳಿಗೆ ಜೋಡಿಸುವಾಗ ಅದು ಮನುಷ್ಯನ ನಡಿಗೆಗಿಂತ ಮೆಲ್ಲಗೆ ಬರುತ್ತದೆ. ಸೆಕೆಂಡಿಗೆ ಒಂದೇ ಮೀಟರ್ ಸರಿದರೂ ಅದರ ಸಂವೇಗ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಸವಾರನ ಸಹಿತ ಓಡುವ ಬೈಕಿನ ಸಂವೇಗದ ಸುಮಾರು ಮೂವತ್ತು ಪಟ್ಟು. ಅದಕ್ಕಾಗಿಯೇ ರೈಲಿನವರು ಅಲ್ಲಿ ಅಷ್ಟು ನಿಧಾನ, ಅಷ್ಟು ಎಚ್ಚರ. ತನ್ನ ಭಾರವನ್ನು ಬಲ್ಲವನು ಮೆಲ್ಲಗೆ ಬರುತ್ತಾನೆ. ನಾವೆಲ್ಲರೂ ಎಲ್ಲೋ ಒಂದು ಕಡೆ ಹಗುರ. ಇನ್ನೆಲ್ಲೋ ಒಂದು ಕಡೆ ಭಾರ. ಕಚೇರಿಯಲ್ಲಿ ಹಗುರಾದವನು ಮನೆಯಲ್ಲಿ ಭಾರವಾಗಿರುತ್ತಾನೆ. ಹಗುರಾಗಿದ್ದಾಗ ಬಿದ್ದ ಪೆಟ್ಟು ನೆನಪಿರುತ್ತದೆ. ಭಾರವಾಗಿದ್ದಾಗ ಕೊಟ್ಟದ್ದು ನೆನಪಿರುವುದಿಲ್ಲ.

ಸಂವೇಗಕ್ಕೆ ನಾಶವಿಲ್ಲ. ಡಿಕ್ಕಿಯಲ್ಲಿ ಚಲನೆಯ ಶಕ್ತಿ ಶಾಖವಾಗಬಹುದು, ಸದ್ದಾಗಬಹುದು, ಲೋಹದ ತಗ್ಗಾಗಬಹುದು. ಒಟ್ಟು ಸಂವೇಗ ಮಾತ್ರ ಇದ್ದಷ್ಟೇ ಇರುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಹಾಗಾದರೆ ಮಗು ಹಿಡಿದ ಚೆಂಡಿನ ಸಂವೇಗ ಎಲ್ಲಿಗೆ ಹೋಯಿತು? ಕೈಯಿಂದ ಭುಜಕ್ಕೆ, ಭುಜದಿಂದ ದೇಹಕ್ಕೆ, ಊರಿದ ಪಾದಗಳಿಂದ ಭೂಮಿಗೆ. ಭೂಮಿಯ ಭಾರ ಎಷ್ಟೆಂದರೆ ಅದರ ಚಲನೆಯಲ್ಲಾದ ಬದಲಾವಣೆಯನ್ನು ಯಾವ ಉಪಕರಣವೂ ಅಳೆಯಲಾರದು. ಪಾದ ಊರಿ ನಿಂತವರು ಪಡೆದದ್ದನ್ನು ನೆಲಕ್ಕೆ ಒಪ್ಪಿಸಬಲ್ಲರು. ನೆಲೆ ಸಿಗದವರು ಅದನ್ನು ಪಕ್ಕದಲ್ಲಿದ್ದವರಿಗೆ ದಾಟಿಸುತ್ತಾರೆ. ಮೇಲಿನವರ ಸಿಡುಕು ಕೆಳಗಿನವರಿಗೆ, ಅವರಿಂದ ಮನೆಗೆ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ. ಸಂಜೆಯ ಹೊತ್ತಿಗೆ ಅದು ತಲುಪುವುದು ಯಾವ ಅಪರಾಧವನ್ನೂ ಮಾಡದ ಮಗುವನ್ನು. ಆದ್ದರಿಂದ ನಮಗೆಲ್ಲ ಊರಿ ನಿಲ್ಲಲು ಒಂದಿಷ್ಟು ನೆಲ ಬೇಕು. ಕೆಲವರಿಗೆ ಅದು ಕೆರೆಯ ಸುತ್ತಿನ ನಡಿಗೆ. ಕೆಲವರಿಗೆ ಹಲಸೂರಿನ ಸೋಮೇಶ್ವರನ ಸನ್ನಿಧಿ, ಶಿವಾಜಿನಗರದ ಬೆಸಿಲಿಕಾದ ಮೌನ, ಮಸೀದಿಯ ಮುಂಜಾವಿನ ನಮಾಜು. ಇನ್ನು ಕೆಲವರಿಗೆ ಕೈತುಂಬ ಕೆಲಸ. ನೆಲ ಯಾವುದೇ ಇರಲಿ, ಅದು ನಮಗಿಂತ ದೊಡ್ಡದಾಗಿರಬೇಕು.

ಡಿಕ್ಕಿಯಾದ ಮೇಲೆ ನಾವು ಕೇಳುವ ಮೊದಲ ಪ್ರಶ್ನೆ, ಯಾರು ಯಾರಿಗೆ ಹೊಡೆದರು ಎಂಬುದು. ಹದಿನೇಳನೆಯ ಶತಮಾನದಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಈ ಪ್ರಶ್ನೆಯನ್ನು ಒಂದು ದೋಣಿಯ ಮೇಲಿಟ್ಟು ನೋಡಿದರು. ದೋಣಿ ಸಮವೇಗದಲ್ಲಿ ಸಾಗುತ್ತಿದೆ. ಅದರೊಳಗೆ ಒಬ್ಬ ಎರಡು ಗೋಲಗಳನ್ನು ಒಂದಕ್ಕೊಂದು ತಾಗಿಸುತ್ತಾನೆ. ದಡದಲ್ಲಿ ನಿಂತ ಇನ್ನೊಬ್ಬ ಅದೇ ಘಟನೆಯನ್ನು ನೋಡುತ್ತಾನೆ. ದೋಣಿಯಲ್ಲಿರುವವನಿಗೆ ಸಮ ವೇಗದಲ್ಲಿ ಎದುರುಬದುರು ಬಂದಂತೆ ಕಂಡ ಗೋಲಗಳಲ್ಲಿ ಒಂದು, ದಡದವನಿಗೆ ನಿಶ್ಚಲವಾಗಿದ್ದಂತೆ ಕಾಣಬಹುದು. ಇಬ್ಬರೂ ಕಂಡದ್ದು ನಿಜವೇ. ಆದರೆ ತಾಗುವಿಕೆಯಿಂದ ಪ್ರತಿ ಗೋಲಕ್ಕೂ ಆದ ಬದಲಾವಣೆ ಎಷ್ಟೆಂದು ಅಳೆದಾಗ ಇಬ್ಬರ ಲೆಕ್ಕವೂ ಒಂದೇ. ಹೊಣೆಯನ್ನು ನಿರ್ಣಯಿಸಲು ಕಾನೂನು ಬೇಕು. ತಪ್ಪು ಮಾಡಿದವರು ಅದನ್ನು ಒಪ್ಪಲೇಬೇಕು. ಆದರೆ ಮನೆಯೊಳಗಿನ, ಸ್ನೇಹದೊಳಗಿನ ಘರ್ಷಣೆಗಳಲ್ಲಿ ಪ್ರತಿಯೊಬ್ಬರೂ ತಮ್ಮ ದೋಣಿಯಲ್ಲೇ ಇರುತ್ತಾರೆ. ತಾವು ನಿಶ್ಚಲರಾಗಿದ್ದೆವು, ಎದುರಿನವರೇ ಬಂದು ತಾಗಿದರು ಎಂದು ಪ್ರಾಮಾಣಿಕವಾಗಿಯೇ ನಂಬುತ್ತಾರೆ. ಅಲ್ಲಿ ಯಾರು ಮೊದಲು ಎಂಬುದಕ್ಕಿಂತ ಯಾರಿಗೆ ಎಷ್ಟು ನೋವಾಯಿತು ಎಂಬ ಪ್ರಶ್ನೆಗೆ ಬೇಗ ಉತ್ತರ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಉಳಿಯುತ್ತದೆ. ಹೆಲ್ಮೆಟ್ಟಿನ ಗಟ್ಟಿ ಹೊರಕವಚದ ಒಳಗೆ ಥರ್ಮೊಕೋಲಿನ ಪದರವಿರುತ್ತದೆ. ತಲೆ ರಸ್ತೆಗೆ ಬಡಿದಾಗ ಆ ಪದರ ಕುಗ್ಗುತ್ತದೆ. ಕುಗ್ಗುತ್ತ ಕೆಲವು ಸಾವಿರಾಂಶ ಸೆಕೆಂಡುಗಳ ಕಾಲವನ್ನು ಸಂಪಾದಿಸಿಕೊಡುತ್ತದೆ. ಆ ಕಾಲವೇ ಪ್ರಾಣ ಉಳಿಸುತ್ತದೆ. ಆದರೆ ಒಮ್ಮೆ ಕುಗ್ಗಿದ ಪದರ ಮತ್ತೆ ಹಿಗ್ಗುವುದಿಲ್ಲ. ಹೊರಗಿನಿಂದ ಹೆಲ್ಮೆಟ್ಟು ಮೊದಲಿನಂತೆಯೇ ಕಾಣಬಹುದು. ಇನ್ನೊಂದು ಪೆಟ್ಟನ್ನು ಅದು ತಾಳಲಾರದು. ಆದ್ದರಿಂದಲೇ ಒಂದು ಅಪಘಾತ ಕಂಡ ಹೆಲ್ಮೆಟ್ಟನ್ನು ಬದಲಿಸಬೇಕೆನ್ನುತ್ತಾರೆ. ನಮ್ಮ ಪ್ರತಿ ಮನೆಯಲ್ಲೂ ಎಲ್ಲರ ಆಘಾತವನ್ನೂ ಹೀರಿಕೊಳ್ಳುವ ಒಬ್ಬರಿರುತ್ತಾರೆ. ಹೆಚ್ಚಾಗಿ ತಾಯಿ, ಕೆಲವೊಮ್ಮೆ ಹಿರಿಯಕ್ಕ, ಕೆಲವೊಮ್ಮೆ ಮಾತು ಕಡಿಮೆಯಾದ ಅಜ್ಜ. ಅವರ ಸಹನೆಯನ್ನು ನಾವು ಹೊಗಳುತ್ತೇವೆ. ಹೊಗಳಿ ಇನ್ನೊಂದು ಪೆಟ್ಟನ್ನು ಅವರತ್ತಲೇ ಕಳುಹಿಸುತ್ತೇವೆ. ಹೊರಗೆ ಬಿರುಕು ಕಾಣದ ಕಾರಣ ಒಳಗೆ ಎಲ್ಲ ಸರಿಯಾಗಿದೆಯೆಂದು ತಿಳಿಯುತ್ತೇವೆ. ಹಿಂದೆ ಸರಿಯಲು ಕೈಗೆ ಹಿಂದೆ ಸ್ಥಳವಿರಬೇಕು. ಗೋಡೆಗೆ ಬೆನ್ನು ಹತ್ತಿ ನಿಂತವರಿಗೆ ಸಹನೆಯನ್ನು ಬೋಧಿಸುವುದು ನ್ಯಾಯವಲ್ಲ. ಅವರಿಗೆ ಬೇಕಾದದ್ದು ನಮ್ಮ ಮೆಚ್ಚುಗೆಯ ಮಾತಿಗಿಂತ ಮೊದಲು ಒಂದಿಷ್ಟು ಬಿಡುವು, ಒಂದಿಷ್ಟು ಜಾಗ.

ನಮ್ಮ ನಗರದ ಈ ಪೂರ್ವ ಭಾಗ ದೀರ್ಘಕಾಲದ ಸಂಘಟ್ಟನೆಯೊಂದರಿಂದ ರೂಪುಗೊಂಡದ್ದು. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ಬಂದು ನೆಲೆಸಿತು. ಅದರ ಹಿಂದೆ ತಮಿಳರು, ದಖನಿ ಮಾತಿನವರು, ತೆಲುಗರು, ಆಂಗ್ಲೊ ಇಂಡಿಯನ್ನರು ಬಂದರು. ಕನ್ನಡದ ಹಳೆಯ ಪೇಟೆ ಪಶ್ಚಿಮಕ್ಕೆ, ದಂಡು ಪೂರ್ವಕ್ಕೆ. 1949ರಲ್ಲಿ ಎರಡೂ ಒಂದೇ ನಗರಪಾಲಿಕೆಯ ಆಡಳಿತದಡಿ ಬಂದವು. ತಿಕ್ಕಾಟ ಇರಲಿಲ್ಲವೆಂದಲ್ಲ, ಇತ್ತು. ಆದರೂ ತಲೆಮಾರುಗಳ ಕಾಲಾವಕಾಶದಲ್ಲಿ ಶಿವಾಜಿನಗರದ ವ್ಯಾಪಾರಿ ನಾಲ್ಕು ಭಾಷೆಗಳಲ್ಲಿ ಚೌಕಾಸಿ ಮಾಡಲು ಕಲಿತ, ನೆರೆಯವರ ಹಬ್ಬಗಳು ನಮ್ಮ ಪಂಚಾಂಗದೊಳಗೆ ಸೇರಿದವು. ಕೆ.ಆರ್. ಪುರದಾಚೆಗಿನ ಊರುಗಳಿಗೆ ಅಷ್ಟು ಕಾಲ ದೊರೆಯಲಿಲ್ಲ. ಎರಡು ಮೂರು ದಶಕಗಳಲ್ಲೇ ಹೊಲಗಳು ಬಡಾವಣೆಗಳಾದವು, ಹಳ್ಳಿಗಳ ಸುತ್ತ ಗಾಜಿನ ಕಟ್ಟಡಗಳು ಎದ್ದವು. ಅಲ್ಲಿಯ ಹಳಬರಲ್ಲಿ ಕಾಣುವ ಕಳವಳವನ್ನು ಅಸಹನೆಯೆಂದು ಕರೆಯುವ ಮುನ್ನ, ಬಂದವರಲ್ಲಿ ಕಾಣುವ ಪರಕೀಯತೆಯನ್ನು ಅಹಂಕಾರವೆಂದು ಕರೆಯುವ ಮುನ್ನ, ಅವರಿಗೆ ಸಿಕ್ಕ ಕಾಲವೆಷ್ಟು ಎಂಬುದನ್ನು ನೆನೆಯಬಹುದು. ಭಾಷೆ ಕಲಿಯಲು ಬಂದವರಿಗೆ ಸಮಯ ಬೇಕು. ಬದಲಾದ ಊರನ್ನು ಒಪ್ಪಲು ಇದ್ದವರಿಗೂ ಸಮಯ ಬೇಕು.

ತಾಗದೆ ಬದುಕುವುದು ಯಾರಿಗೂ ಸಾಧ್ಯವಿಲ್ಲ. ಇಂದೂ ನಾವು ರಸ್ತೆಗೆ ಇಳಿಯುತ್ತೇವೆ, ಮಾತನಾಡುತ್ತೇವೆ, ಒಬ್ಬರಿಗೊಬ್ಬರು ಅಡ್ಡ ಬರುತ್ತೇವೆ. ಮಾಡಬಹುದಾದ ಕೆಲವು ಸಣ್ಣ ಕೆಲಸಗಳಂತೂ ಇವೆ. ಮುಂದಿನ ವಾಹನದಿಂದ ಸ್ವಲ್ಪ ಅಂತರ ಇಟ್ಟುಕೊಳ್ಳೋಣ. ಹಿಂದೆ ಕುಳಿತವರ ತಲೆಗೂ ಹೆಲ್ಮೆಟ್ ತೊಡಿಸೋಣ. ಬಂದ ಮಾತಿಗೆ ಉತ್ತರಿಸುವ ಮೊದಲು ಒಂದು ಉಸಿರಿನಷ್ಟು ಕಾಲ ಅದರ ಜೊತೆಗೆ ಸಾಗೋಣ. ಇವೆಲ್ಲ ಎಲ್ಲರಿಗೂ ಸಲ್ಲುವ ಮಾತು. ಆದರೆ ಬಲ ಸಮವಾಗಿದ್ದರೂ ಫಲ ಸಮವಲ್ಲವಾದ್ದರಿಂದ ಹೊಣೆಯೂ ಸಮವಲ್ಲ. ದೊಡ್ಡ ವಾಹನ, ಹಿರಿಯ ಹುದ್ದೆ, ಗಟ್ಟಿ ದನಿ, ಮನೆಯ ಯಜಮಾನಿಕೆ: ಇವುಗಳಲ್ಲಿ ಯಾವುದೇ ಭಾರ ನಮ್ಮ ಪಾಲಿಗೆ ಬಂದಿದ್ದರೂ, ಮೊದಲು ನಿಧಾನಿಸಬೇಕಾದವರು ನಾವೇ.